ಕ್ರೋಧಿಯಿಂದ ಕ್ರೋಧಿಗೆ: ಮುಂದಿನ ಕಾಲದ ಕಾದಂಬರಿ ಬರೆದ ಇಪ್ಪತ್ತೊಂದು ತಿಂಗಳು

ಹೋದ ವಾರ ಪುಸ್ತಕದ ಕಟ್ಟುಗಳು ಮನೆಗೆ ಬಂದವು. ಹತ್ತು ಕಟ್ಟು, ಒಂದೊಂದರಲ್ಲಿ ಮೂವತ್ತು ಪ್ರತಿ. ಆಟೋದಿಂದ ಇಳಿಸಿ ಹಾಲ್‌ನಲ್ಲಿ ಜೋಡಿಸಿಟ್ಟ ಮೇಲೆ ಸುಮ್ನೆ ಅದರ ಮುಂದೆ ಕೂತುಬಿಟ್ಟೆ. 2024ರ ಯುಗಾದಿಯಲ್ಲಿ ಶುರುವಾದದ್ದು 2026ರ ಜನವರಿಗೆ ಮುಗಿಯಿತು. ಇದು ನನ್ನ ಐದನೆಯ ಕಾದಂಬರಿ. ಮೊದಲಿನ ನಾಲ್ಕೂ ಮನೆ, ಮದುವೆ, ಪಾಲು, ಅಡಿಕೆ ತೋಟದ ಸುತ್ತ ಸುತ್ತಿದವು. ಈ ಐದನೆಯದು 2084ರಲ್ಲಿ ನಡೆಯುತ್ತದೆ.

ಸ್ಪೆಕ್ಯುಲೇಟಿವ್ ಫಿಕ್ಷನ್ ಅಂತ ಕರೆಯುತ್ತಾರಲ್ಲ, ಅದು. ನನ್ನ ಮಟ್ಟಿಗೆ ನಾನು ಅದನ್ನು ‘ಹೀಗಾದರೆ ಏನಾಗ್ತದೆ’ ಕಥೆ ಅಂತ ಕರೆದುಕೊಂಡೆ. ಶುರು ಮಾಡುವಾಗ ನನಗೆ ಇದರ ಗಂಧಗಾಳಿ ಇರಲಿಲ್ಲ. ಕೇಳೋಣ ಅಂದರೆ ಹತ್ತಿರದಲ್ಲಿ ಬರೆದವರು ಯಾರೂ ಸಿಗಲಿಲ್ಲ. ನನ್ನ ಹಾಗೆ ಸಾಮಾಜಿಕ ಕಾದಂಬರಿ ಬರೆಯುತ್ತಾ ಇದ್ದು ಈ ಕಡೆ ಬರಬೇಕು ಅಂತ ಯೋಚಿಸುವವರು ಇದ್ದೇ ಇರುತ್ತೀರಿ. ನಾನು ಎಡವಿದ ಕಡೆ ನೀವು ಎಡವದಿರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಆ ಯುಗಾದಿಯ ಬೆಳಿಗ್ಗೆ ಸಾಗರದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿದ್ದೆ. ಬೇವು ಬೆಲ್ಲ ಆಯಿತು. ಪಂಚಾಂಗ ಓದುವಾಗ ಸಂವತ್ಸರದ ಹೆಸರು ಬಂತು, ಕ್ರೋಧಿ. ದೊಡ್ಡಪ್ಪ ತಲೆ ಎತ್ತಿದರು. “ಮತ್ತೆ ಬಂತು ನೋಡು ಪುಟ್ಟಿ. ಹಿಂದಿನ ಕ್ರೋಧಿಲೇ ನಮ್ಮನೆ ನೀರಿಗೆ ಹೋಗಿದ್ದು.” ಲೆಕ್ಕ ಸರಿಯಾಗಿಯೇ ಇತ್ತು. ಸಂವತ್ಸರಗಳು ಅರವತ್ತು, 2024ರಿಂದ ಅರವತ್ತು ಕಳೆದರೆ 1964. ಶರಾವತಿ ಹೊಳೆಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ. ಆಗ ದೊಡ್ಡಪ್ಪನಿಗೆ ಒಂಬತ್ತು ವರ್ಷ. ನಮ್ಮ ಅಪ್ಪ ಕೈಗೂಸು.

“ಹಾಗಾದ್ರೆ ಮುಂದಿನ ಕ್ರೋಧಿ 2084, ಅಲ್ವಾ ದೊಡ್ಡಪ್ಪ?” ಅಂದೆ.

“ಅಷ್ಟೊತ್ತಿಗೆ ಅಲ್ಲಿ ನೀರು ಇರ್ತದೋ ಇಲ್ವೋ” ಅಂದು ಅವರು ಕಾಫಿ ಲೋಟ ಎತ್ತಿಕೊಂಡರು.

ಆ ಮಾತು ನನ್ನನ್ನು ಹಿಡಿದುಕೊಂಡಿತು. ನೀರು ಇಲ್ಲದೆ ಹೋದರೆ? ಮುಳುಗಿದ ಊರು ಮತ್ತೆ ಮೇಲೆ ಬಂದರೆ? ಬಿಟ್ಟು ಹೋದವರ ಮರಿಮಕ್ಕಳು ಅಲ್ಲಿಗೆ ವಾಪಸ್ ಬಂದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಮೇ ತಿಂಗಳಲ್ಲಿ ದೊಡ್ಡಪ್ಪನನ್ನು ಕರೆದುಕೊಂಡು ಹಿನ್ನೀರಿಗೆ ಹೋದೆ. ನಮ್ಮ ಹಳೆಯ ಊರು ಇದ್ದದ್ದು ಹೊಸನಗರದ ಕಡೆ, ಶರಾವತಿ ಜಲಾಶಯಕ್ಕೆ ಸೇರುವ ಮೇಲ್ಭಾಗದಲ್ಲಿ. ಬೇಸಿಗೆಯಲ್ಲಿ ಅಲ್ಲಿ ನೀರು ತುಂಬಾ ಹಿಂದೆ ಸರಿಯುತ್ತದೆ. ಒಣಗಿ ಕರ್ರಗಾದ ಮರದ ಬೊಡ್ಡೆಗಳು ಸಾಲಾಗಿ ನಿಂತಿದ್ದವು. ನೆಲ ಬಿರುಕು ಬಿಟ್ಟು ಹಂಚಿನ ಚೂರುಗಳ ಹಾಗೆ ಎದ್ದಿತ್ತು. ದೊಡ್ಡಪ್ಪ ಕೋಲೂರಿಕೊಂಡು ಯಾರನ್ನೂ ಕೇಳದೆ ನೇರ ನಡೆದರು. ಒಂದು ಕಡೆ ನಿಂತು ಕೋಲಿನಿಂದ ಮಣ್ಣು ಕೆದಕಿದರು. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಕಾಣಿಸಿತು. ಒಂದು, ಎರಡು, ಮೂರು. ಮೂರನೆಯದರ ಅರ್ಧ ಮಣ್ಣಿನೊಳಗೆ ಇತ್ತು. “ಇದು ಅಂಗಳದಿಂದ ತೋಟಕ್ಕೆ ಇಳಿಯೋ ಮೆಟ್ಲು. ಉಳಿದದ್ದು ಕೆಳಗಿದೆ” ಅಂದರು. ಅಂಗಾಲಿನಿಂದ ಮೆಟ್ಟಿಲ ಮೇಲಿನ ಧೂಳು ಸರಿಸಿ ಅಲ್ಲೇ ಕೂತರು. ನಾನು ಫೋಟೋ ತೆಗೆಯಲಿಲ್ಲ. ತೆಗೆಯಬೇಕು ಅಂತ ಅನ್ನಿಸಲೇ ಇಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಕಥೆ ಹೇಳಿದೆ. ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. “ನೀರು ಹೋದ್ಮೇಲೆ ಆ ಜಾಗ ಯಾರದ್ದಾಗ್ತದೆ? ನಿನ್ನ ಪುಸ್ತಕದಲ್ಲಿ ಹಕ್ಕುಪತ್ರ ಯಾರಿಗೆ ಕೊಡಿಸ್ತೀ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ದಿನ ನಾನು ಮೇಲೆದ್ದ ಊರಿನ ಚಿತ್ರವನ್ನು ಮಾತ್ರ ನೋಡುತ್ತಿದ್ದೆ. ಮುಳುಗಡೆಯಾಗಿ ಅರವತ್ತು ವರ್ಷ ಕಳೆದರೂ ಬೇರೆ ಕಡೆ ಕೊಟ್ಟ ಜಾಗಕ್ಕೆ ಸರಿಯಾದ ದಾಖಲೆ ಸಿಗದೆ ಓಡಾಡುವ ಮನೆಗಳು ನಮ್ಮ ಕಡೆ ಈಗಲೂ ಇವೆ. ಅವರಿಗೆ ಇದು ಕಲ್ಪನೆಯ ಆಟ ಅಲ್ಲವೇ ಅಲ್ಲ. ಕಾದಂಬರಿಯ ಬೆನ್ನೆಲುಬು ನನಗೆ ಸಿಕ್ಕಿದ್ದು ಆ ಪ್ರಶ್ನೆಯಲ್ಲಿ.

ಹಳೆಯ ಊರಿನ ನಕ್ಷೆಗೆ ಅಂತ ಒಂದು ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ಊಟದ ಹೊತ್ತು, ಎರಡನೆಯ ಸಲ ಸಂಬಂಧಪಟ್ಟವರು ರಜೆ, ಮೂರನೆಯ ಸಲ ‘ಆ ಊರೇ ಈಗ ಇಲ್ಲವಲ್ಲ’ ಅಂದರು. ಬಸ್ಸು, ಊಟ, ಅರ್ಜಿ ಅಂತ ಸುಮಾರು 1,400 ರೂಪಾಯಿ ಹೋಯಿತು. ಬೇಕಾದದ್ದು ಸಿಕ್ಕಿದ್ದು ದೊಡ್ಡಪ್ಪನ ಟ್ರಂಕಿನಲ್ಲಿ. ಪರಿಹಾರಕ್ಕೆ ಅಂತ ಬರೆಸಿದ್ದ ಪಟ್ಟಿಯ ಒಂದು ನಕಲು. ಮಡಿಕೆಯಲ್ಲಿ ಹರಿದಿತ್ತು. ಹಲಸು 3, ಮಾವು 2, ಬಾವಿ 1 ಅಂತ ಮಸಿಯಲ್ಲಿ ಬರೆದ ಸಾಲುಗಳು. ನೀವು ಇಂಥ ಕಥೆ ಬರೆಯುವುದಾದರೆ ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯರ ಟ್ರಂಕು, ಬೀರು ನೋಡಿ. ಮುಂದಿನ ಕಾಲದ ಕಥೆಗೂ ಹಳೆಯ ಕಾಗದವೇ ಬೇಕಾಗುತ್ತದೆ.

ಜೂನ್‌ನಲ್ಲಿ ಬರೆಯಲು ಕೂತೆ. ಮೊದಲ ಅಡ್ಡಿ ವ್ಯಾಕರಣದ್ದು ಅಂದರೆ ನಂಬುತ್ತೀರಾ? ಕಥೆ ನಡೆಯುವುದು ಮುಂದೆ, ಹಾಗಾಗಿ ‘ಅವಳು ಬರುವಳು, ನೆಲವನ್ನು ಮುಟ್ಟುವಳು’ ಅಂತ ಶುರು ಮಾಡಿದೆ. ಮೂವತ್ತು ಪುಟ ಆದ ಮೇಲೆ ಓದಿ ನೋಡಿದರೆ ಕಾಲಜ್ಞಾನ ಓದಿದ ಹಾಗೆ ಇತ್ತು. ಆಡುಮಾತಿನಲ್ಲಿ ನಾವು ಭವಿಷ್ಯಕ್ಕೆ ಬೇರೆ ಕ್ರಿಯಾಪದ ಬಳಸುವುದೇ ಇಲ್ಲವಲ್ಲ. ‘ದಿನಾ ಬರ್ತಾಳೆ’, ‘ನಾಳೆ ಬರ್ತಾಳೆ’ ಎರಡಕ್ಕೂ ಒಂದೇ. ‘ಬರುವಳು’ ಅಂದ ಕೂಡಲೇ ಮಾತು ಪೀಠ ಹತ್ತಿ ಕೂತುಬಿಡುತ್ತದೆ. ಆ ಮೂವತ್ತು ಪುಟ ಬಿಟ್ಟು ‘ಬಂದಳು, ಮುಟ್ಟಿದಳು’ ಅಂತ ಬರೆದೆ. 2084 ಆಗಿಹೋದ ವರ್ಷ, ಅದನ್ನು ಕಂಡವರು ಹೇಳುತ್ತಿದ್ದಾರೆ ಅಂತ ಇಟ್ಟುಕೊಂಡೆ. ತಕ್ಷಣ ಉಸಿರು ಬಂತು.

ಎರಡನೆಯ ಅಡ್ಡಿ ಹೆಸರುಗಳದ್ದು. ನನ್ನ ಕಥೆಯಲ್ಲಿ ಹೂಳು ತೆಗೆಯುವ ಒಂದು ಯಂತ್ರ ಬರುತ್ತದೆ. ತಾನೇ ಓಡಾಡಿಕೊಂಡು ಮಣ್ಣು ಬಗೆಯುತ್ತದೆ. ಅದಕ್ಕೆ ‘ಸ್ವಯಂಚಾಲಿತ ಹೂಳು ನಿಷ್ಕಾಸನ ಯಂತ್ರ’ ಅಂತ ಹೆಸರಿಟ್ಟಿದ್ದೆ. ಆ ಹೆಸರು ಬಂದಲ್ಲೆಲ್ಲ ವಾಕ್ಯ ಮುಗ್ಗರಿಸುತ್ತಿತ್ತು. ಒಂದು ದಿನ ಅಕ್ಕಿ ಆರಿಸುತ್ತಾ ಯೋಚಿಸಿದೆ. ನಮ್ಮ ಜನ ವಿದ್ಯುಚ್ಛಕ್ತಿ ಅನ್ನುತ್ತಾರಾ? ಕರೆಂಟು ಅನ್ನುತ್ತಾರೆ. ಕೊಳವೆ ಬಾವಿ ಅನ್ನುವುದಿಲ್ಲ, ಬೋರು. ಹಾಗಾದರೆ ಕೆಸರು ಬಗೆಯುತ್ತಾ ಗುರುಗುಟ್ಟುವ ಈ ಯಂತ್ರಕ್ಕೆ ಊರಿನ ಮಕ್ಕಳು ಏನನ್ನಬಹುದು? ಹಂದಿ! ಆ ಒಂದು ಪದದಿಂದ ಇಡೀ ಅಧ್ಯಾಯ ಬದಲಾಯಿತು. ‘ಹಂದಿ ಇವತ್ತು ಎಲ್ಲಿದೆ?’ ‘ಹಂದಿ ಹೊಳೆಬದಿಗೆ ಹೋಯ್ತು.’ ಓದುವವರಿಗೆ ವಿವರಣೆಯೇ ಬೇಡ. ಹೊಸ ವಸ್ತುವಿಗೆ ಹೆಸರಿಡುವಾಗ ನಿಘಂಟು ತೆಗೆಯಬೇಡಿ. ಸಂತೆಯಲ್ಲಿ ಅದನ್ನು ಏನಂತ ಕೂಗಬಹುದು ಅಂತ ಕೇಳಿಸಿಕೊಳ್ಳಿ.

ನವೆಂಬರ್‌ಗೆ ಮೊದಲ ಕರಡು ಮುಗಿಯಿತು. 280 ಪುಟ. ತುಂಬಾ ಸಂತೋಷದಲ್ಲಿದ್ದೆ. ಪರಿಚಯದ ಒಬ್ಬ ನಿವೃತ್ತ ಇಂಜಿನಿಯರ್‌ಗೆ ಓದಲು ಕೊಟ್ಟೆ. ನೀರಾವರಿ ಕೆಲಸದಲ್ಲೇ ತಲೆ ಬೆಳ್ಳಗಾದವರು. ಡಿಸೆಂಬರ್‌ನಲ್ಲಿ ಅವರ ಮನೆಗೆ ಹೋದಾಗ ಕರಡನ್ನು ಟೀಪಾಯಿ ಮೇಲಿಟ್ಟು, ಒಂದು ತಟ್ಟೆಗೆ ನೀರು ಹಾಕಿ, ಒಂದು ಅಂಚಿನಿಂದ ಮರಳು ಮಿಶ್ರಿತ ನೀರನ್ನು ನಿಧಾನಕ್ಕೆ ಸುರಿದರು.

“ನೋಡಿ ಮೇಡಂ, ದಪ್ಪ ಮರಳು ಎಲ್ಲಿ ಕೂತಿತು?”

ಸುರಿದ ಅಂಚಿನಲ್ಲೇ ಗುಡ್ಡೆಯಾಗಿತ್ತು.

“ಹೊಳೆ ಜಲಾಶಯಕ್ಕೆ ಬಂದ ಕೂಡಲೇ ಅದರ ಓಟ ಕಮ್ಮಿ ಆಗುತ್ತೆ. ಭಾರದ್ದೆಲ್ಲ ಅಲ್ಲೇ ಬಿಟ್ಟುಬಿಡುತ್ತೆ. ನಯವಾದ ಮಣ್ಣು ಮಾತ್ರ ಮುಂದೆ ಅಣೆಕಟ್ಟಿನ ತನಕ ಹೋಗುತ್ತೆ. ನಿಮ್ಮ ಊರು ಇರೋದು ಮೇಲ್ಭಾಗದಲ್ಲಿ. ನೀರು ಹೋದ್ರೂ ನಿಮ್ಮ ಊರು ಕಾಣೋದಿಲ್ಲ. ಹೂಳಿನ ಅಡಿಗೆ ಹೋಗಿರುತ್ತೆ.”

ನನ್ನ ಕಾದಂಬರಿ ಶುರುವಾಗುವುದೇ ಇಡೀ ಊರು ಹಾಗೇ ಎದ್ದು ನಿಂತ ದೃಶ್ಯದಿಂದ. ಗೋಡೆ, ಕಟ್ಟೆ, ಬಾವಿ ಎಲ್ಲ. ನನ್ನ ಮುಖ ನೋಡಿ ಅವರ ಮನೆಯವರು ಕಾಫಿ ತಂದುಕೊಟ್ಟರು. ಇಂಜಿನಿಯರ್ ಅಲ್ಲಿಗೂ ಬಿಡಲಿಲ್ಲ. “ಇನ್ನೊಂದು ಮಾತು. ಘಟ್ಟದ ಕಾಡು ಇರೋ ತನಕ ಮಣ್ಣು ಅಷ್ಟು ಬೇಗ ಕೊಚ್ಚಿ ಬರೋದಿಲ್ಲ. ನಿಮ್ಮ ಕಥೆಯಲ್ಲಿ ಇಷ್ಟು ಹೂಳು ಬಂದಿದೆ ಅಂದ್ರೆ ಮೇಲಿನ ಕಾಡು ಏನಾಯ್ತು? ಅದನ್ನ ಮೊದಲು ಹೇಳಿ.”

ಮನೆಗೆ ಬಂದು ಮೂರು ವಾರ ಫೈಲ್ ತೆರೆಯಲಿಲ್ಲ. ನಾಲ್ಕು ಕಾದಂಬರಿ ಬರೆದಿದ್ದೇನೆ, ಯಾರೂ ಹೀಗೆ ಬುಡಕ್ಕೇ ಕೈ ಹಾಕಿರಲಿಲ್ಲ. ಮದುವೆ ಮನೆಯ ಜಗಳ ಬರೆದರೆ ‘ಇದು ಹೀಗೆ ಆಗುವುದಿಲ್ಲ’ ಅಂತ ಹೇಳುವವರು ಕಡಿಮೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ. ನೀರು, ಮಣ್ಣು, ಮಳೆ ಹಾಗಲ್ಲ. ಒಂದು ಕಡೆ ಸುಳ್ಳು ಹೇಳಿದರೆ ಇಡೀ ಪುಸ್ತಕ ವಾಲುತ್ತದೆ.

ಜನವರಿಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದೆ, 90 ರೂಪಾಯಿ. 2024ರಿಂದ 2084ರ ತನಕ ವರ್ಷಕ್ಕೊಂದು ಗೆರೆ. ನಾನು ಕಲ್ಪಿಸಿಕೊಂಡ ಬದಲಾವಣೆ ಒಂದೇ, ಮೇಲಿನ ಕಾಡು ಹೋಗುವುದು. ಅದಾದ ಮೇಲೆ ಯಾವ ವರ್ಷ ಏನಾಗುತ್ತದೆ ಅಂತ ಬರೆಯುತ್ತಾ ಹೋದೆ. ಗುಡ್ಡ ಜರಿಯುವುದು, ಹೂಳು ಬರುವುದು, ನೀರು ನಿಲ್ಲುವ ಜಾಗ ಕಡಿಮೆಯಾಗುವುದು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಅಂತ ಬರುತ್ತದಲ್ಲ, ಅದನ್ನು ಕತ್ತರಿಸಿ ಅಂಟಿಸಿಕೊಂಡೆ. ಆಮೇಲೆ ಹೊಳೆಯಿತು, ನೀರು ಇಲ್ಲ ಅಂದರೆ ಕರೆಂಟೂ ಇಲ್ಲ. ಶರಾವತಿ ವಿದ್ಯುದಾಗಾರ ಒಂದರದ್ದೇ 1035 ಮೆಗಾವಾಟ್ ಸಾಮರ್ಥ್ಯ. ಅದು ನಿಂತರೆ ಊರಿನವರು ಏನು ಮಾಡುತ್ತಾರೆ? ಸೋಲಾರ್ ಅಂತ ಬರೆದೆ. ಆದರೆ ಆಷಾಢದ ಮಳೆಯಲ್ಲಿ ನಮ್ಮ ಕಡೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಹಂದಿ ಮಲಗಿರುತ್ತದೆ, ಜನ ಗುದ್ದಲಿ ಹಿಡಿಯುತ್ತಾರೆ. ಕಾದಂಬರಿಯ ಅತ್ಯಂತ ಒಳ್ಳೆಯ ಭಾಗ ಅಂತ ನನಗನ್ನಿಸುವುದು ಅದೇ, ಮಳೆಯಲ್ಲಿ ಗೊರಬು ಹಾಕಿಕೊಂಡು ತಮ್ಮ ಮುತ್ತಜ್ಜನ ಅಂಗಳ ಅಗೆಯುವ ಅಧ್ಯಾಯ. ಅದು ನನ್ನ ಕಲ್ಪನೆಯಿಂದ ಬರಲಿಲ್ಲ. ಆ ಲೆಕ್ಕದ ಪುಸ್ತಕದಿಂದ ಬಂತು.

ಊರು ಎದ್ದು ನಿಲ್ಲುವ ದೃಶ್ಯ ಹೋಯಿತು. ಅದರ ಜಾಗದಲ್ಲಿ ಬರೀ ಮರಳಿನ ಬಯಲು. ಬಂದವರಿಗೆ ತಮ್ಮ ಮನೆ ಎಲ್ಲಿ ಅಂತಲೇ ಗೊತ್ತಿಲ್ಲ. ಅಗೆದು ಹುಡುಕಬೇಕು, ಹುಡುಕಿ ‘ಇದು ನಮ್ಮದು’ ಅಂತ ತೋರಿಸಬೇಕು. ದೊಡ್ಡಪ್ಪನ ಹಕ್ಕುಪತ್ರದ ಪ್ರಶ್ನೆಗೆ ದಾರಿ ಅಲ್ಲಿ ತೆರೆಯಿತು. ಇಂಜಿನಿಯರ್ ಅವತ್ತು ತಟ್ಟೆ ಹಿಡಿದು ಕೂರದಿದ್ದರೆ ಈ ಪುಸ್ತಕ ಚಂದದ ಒಂದು ಚಿತ್ರವಾಗಿ ಉಳಿಯುತ್ತಿತ್ತು. ದಯವಿಟ್ಟು ನಿಮ್ಮ ಕಥೆಯ ಕೆಲಸ ಗೊತ್ತಿರುವ ಒಬ್ಬರಿಗೆ ಕರಡು ತೋರಿಸಿ. ಕರಡು ಮುಗಿಯುವ ತನಕ ಕಾಯಬೇಡಿ, ಮೂರನೆಯ ಅಧ್ಯಾಯಕ್ಕೇ ತೋರಿಸಿ. ನನಗೆ ಆರು ತಿಂಗಳ ಕೆಲಸ ಹೋಯಿತು.

ಎರಡನೆಯ ಕರಡನ್ನು ಅಣ್ಣನ ಮಗಳು ಓದಿದಳು. ಡಿಗ್ರಿ ಓದುತ್ತಿರುವ ಹುಡುಗಿ. ಅವಳು ಹೂಳಿನ ಬಗ್ಗೆ ಏನೂ ಹೇಳಲಿಲ್ಲ. “ಅತ್ತೆ, 2084ರಲ್ಲೂ ಹೆಂಗಸರೇ ಒಲೆ ಮುಂದೆ ಇರ್ತಾರಾ?” ಅಂದಳು. ನಾನು ನದಿ, ಗುಡ್ಡ, ಕರೆಂಟು ಎಲ್ಲ ಬದಲಿಸಿದ್ದೆ. ಅಡುಗೆಮನೆಯನ್ನು ಇವತ್ತಿನದ್ದೇ ಹಾಗೇ ಎತ್ತಿ ಇಟ್ಟಿದ್ದೆ. ಅವಳ ಮಾತು ಕೇಳಿ ನನಗೆ ನಿಜವಾಗಿ ನೋವಾಯಿತು, ಯಾಕೆಂದರೆ ನನ್ನ ಹಳೆಯ ನಾಲ್ಕು ಕಾದಂಬರಿಯ ಜಗಳವೇ ಅದಾಗಿತ್ತು. ಅಡುಗೆಯ ಏಳು ದೃಶ್ಯಗಳನ್ನು ಮತ್ತೆ ಬರೆದೆ. ರೊಟ್ಟಿ ತಟ್ಟುವುದು ಉಳಿಯಿತು, ತಟ್ಟುವ ಕೈಗಳು ಬದಲಾದವು.

2025ರ ಮೇನಲ್ಲಿ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಇಲ್ಲಿಂದ ಕಾಯುವ ಕೆಲಸ. ಐದು ತಿಂಗಳು. ಫೋನ್ ಮಾಡಿದರೆ ‘ಓದ್ತಾ ಇದ್ದೀವಿ’. ಆ ನಡುವೆ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರ್‌ಗೂ ಉದ್ದದ ಸೇತುವೆ. ಆಚೆ ದಡದ ಸಿಗಂದೂರಿಗೆ ಹೋಗಲು ಲಾಂಚಿಗೆ ಕಾಯುತ್ತಾ ಬೆಳೆದವರು ನಾವು. ಎಲ್ಲರ ಹಾಗೆ ನನಗೂ ಖುಷಿಯಾಯಿತು. ಆದರೆ ನನ್ನ ಪುಸ್ತಕದಲ್ಲಿ 2050ರ ಸುಮಾರಿಗೆ ಒಬ್ಬಳು ಅದೇ ಕಡವಿನಲ್ಲಿ ಲಾಂಚಿಗೆ ಕಾಯುವ ದೃಶ್ಯ ಇತ್ತು! ಸೇತುವೆ ಕೆಲಸ ನಡೆಯುವುದು ಕಣ್ಣಿಗೆ ಕಾಣುತ್ತಲೇ ಇತ್ತು, ಆದರೂ ನೆನಪಿನ ಲಾಂಚನ್ನು ಬಿಡಲು ನನಗೆ ಮನಸ್ಸಾಗಿರಲಿಲ್ಲ. ಆ ದೃಶ್ಯವನ್ನು ಸೇತುವೆಯ ಮೇಲೆ ತಂದೆ. ಅವಳು ಈಗ ಸೇತುವೆಯ ಕಂಬಿ ಹಿಡಿದು ಕೆಳಗೆ ಕಡಿಮೆಯಾಗುತ್ತಿರುವ ನೀರನ್ನು ನೋಡುತ್ತಾಳೆ. ಹಸ್ತಪ್ರತಿ ಪ್ರಕಾಶಕರ ಹತ್ತಿರ ಇದ್ದಾಗಲೂ ಪೇಪರ್ ಓದುತ್ತಿರಿ.

ಅಕ್ಟೋಬರ್‌ನಲ್ಲಿ ಆ ಪ್ರಕಾಶಕರು ‘ನಿಮ್ಮ ಹಳೆಯ ಥರದ್ದು ಇದ್ದರೆ ಕೊಡಿ’ ಅಂದರು. ಎರಡನೆಯವರು ಎರಡೇ ವಾರದಲ್ಲಿ ಉತ್ತರ ಕೊಟ್ಟರು, ಮಕ್ಕಳ ಪುಸ್ತಕವಾಗಿ ಚಿಕ್ಕದು ಮಾಡಿಕೊಡಲು ಆಗುತ್ತದಾ ಅಂತ. ಮುಂದಿನ ಕಾಲ ಅಂದ ಕೂಡಲೇ ಮಕ್ಕಳಿಗೆ ಅಂತ ಅಂದುಕೊಳ್ಳುವುದು ನನಗೆ ಅರ್ಥವಾಗಲಿಲ್ಲ. ಜಮೀನಿನ ಹಕ್ಕಿನ ಕಥೆ ಅದು. ಎರಡು ದಿನ ಬೇಜಾರಿನಲ್ಲಿದ್ದು, ನಾನೇ ಪ್ರಕಟಿಸುವುದು ಅಂತ ತೀರ್ಮಾನ ಮಾಡಿದೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಐಎಸ್‌ಬಿಎನ್, ಅಂದರೆ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ, ಲೇಖಕರೇ ಹಾಕಬಹುದು. ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ನನಗೆ ಬರಲು ಮೂರು ವಾರ ಬೇಕಾಯಿತು, ಹಾಗಾಗಿ ಮುಖಪುಟ ಸಿದ್ಧವಾದ ದಿನವೇ ಅರ್ಜಿ ಹಾಕಿ. ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಬರೆದಾಗಲೇ ಹಕ್ಕು ನಿಮ್ಮದು. ದಾಖಲೆ ಇರಲಿ ಅಂತ ನಾನು ಮಾಡಿಸಿದೆ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿಗೆ ಡೈರಿ ಸಂಖ್ಯೆ ಬಂದ ಮೇಲೆ ಯಾರಾದರೂ ಆಕ್ಷೇಪಣೆ ಹಾಕುತ್ತಾರಾ ಅಂತ 30 ದಿನ ಕಾಯಿಸುತ್ತಾರೆ. ಪುಸ್ತಕ ಬಂದ ಮೇಲೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸುವುದನ್ನು ಮರೆಯಬೇಡಿ, ಅದು 1954ರ ಕಾನೂನು.

ಖರ್ಚು: 232 ಪುಟ, ಡೆಮಿ 1/8 ಅಳತೆ. ಪುಟ ವಿನ್ಯಾಸಕ್ಕೆ ಪುಟಕ್ಕೆ 25 ರೂಪಾಯಿ, 5,800. ಕರಡು ತಿದ್ದಿದವರಿಗೆ ಪುಟಕ್ಕೆ 12ರ ಹಾಗೆ 2,784. ಮುಖಪುಟಕ್ಕೆ 4,000. ಮುದ್ರಣ ಪ್ರತಿಗೆ 92ರ ಹಾಗೆ 300 ಪ್ರತಿಗೆ 27,600. ಒಟ್ಟು 40,184. ಇದು ನನಗಾದ ಖರ್ಚು, ಊರು ಮತ್ತು ಪ್ರೆಸ್ಸು ಬದಲಾದರೆ ಹೆಚ್ಚು ಕಡಿಮೆ ಆಗುತ್ತದೆ. ಕರಡು ತಿದ್ದುವವರ ದುಡ್ಡು ಮಾತ್ರ ಉಳಿಸಲು ಹೋಗಬೇಡಿ.

ನಿರೀಕ್ಷೆ ಮಾಡದ ಇನ್ನೊಂದು ತೊಂದರೆ ಇ-ಪುಸ್ತಕದ್ದು. ನಾನು ಯುನಿಕೋಡ್‌ನಲ್ಲಿ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಪುಟ ಕಟ್ಟುವವರು ತಮ್ಮ ಹಳೆಯ ಫಾಂಟಿಗೆ ಬದಲಿಸಿಕೊಂಡು ಕೆಲಸ ಮಾಡಿದರು, ತಿದ್ದಿದ್ದೆಲ್ಲ ಅದರಲ್ಲೇ. ಅದನ್ನು ವಾಪಸ್ ಯುನಿಕೋಡ್‌ಗೆ ತಂದಾಗ ಅರ್ಕಾವತ್ತು ಇದ್ದಲ್ಲೆಲ್ಲ ಅಕ್ಷರ ಪಲ್ಲಟ. ‘ವರ್ಷ’ ಇದ್ದದ್ದು ‘ರ್ವಷ’ ಆಗಿತ್ತು. ಅರವತ್ತು ವರ್ಷಗಳ ಕಥೆಯಲ್ಲಿ ಆ ಪದ ಎಷ್ಟು ಸಲ ಬಂದಿರಬೇಡ! ನಾಲ್ಕು ರಾತ್ರಿ ಕೂತು ಒಂದೊಂದನ್ನೇ ಸರಿ ಮಾಡಿದೆ. ಯುನಿಕೋಡ್‌ನಲ್ಲೇ ಪುಟ ಕಟ್ಟುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಮೊನ್ನೆ ಭಾನುವಾರ ಮೊದಲ ಪ್ರತಿ ತೆಗೆದುಕೊಂಡು ದೊಡ್ಡಪ್ಪನ ಹತ್ತಿರ ಹೋದೆ. ಕಣ್ಣಿಗೆ ಆಪರೇಷನ್ ಆಗಿದೆ, ಓದಲು ಆಗುವುದಿಲ್ಲ. “ಅಗೆಯೋದು ಬರ್ತದಲ್ಲ, ಅದನ್ನ ಓದು” ಅಂದರು. ಜಗಲಿಯಲ್ಲಿ ಕೂತು ಓದಿದೆ. ಮಳೆ, ಗೊರಬು, ಗುದ್ದಲಿ, ಅಂಗಳದ ಅಂಚು, ಮೊದಲ ಮೆಟ್ಟಿಲು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೊನೆಯ ಮೆಟ್ಟಿಲ ಹತ್ತಿರ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಎಷ್ಟು ಮೆಟ್ಲು ಬರೆದಿದ್ದೀ?”

“ಹನ್ನೊಂದು, ದೊಡ್ಡಪ್ಪ.” ಪರಿಹಾರದ ಪಟ್ಟಿಯಲ್ಲಿ ಮೆಟ್ಟಿಲ ಲೆಕ್ಕ ಇರಲಿಲ್ಲ. ಹನ್ನೊಂದು ಅನ್ನುವುದು ನನ್ನ ಊಹೆ.

“ಹದಿಮೂರು” ಅಂದರು. ಆಮೇಲೆ ಬೆರಳು ಮಡಚಿ ಇನ್ನೊಂದು ಸಲ ಎಣಿಸಿದರು. “ಹೌದು, ಹದಿಮೂರು. ಹನ್ನೆರಡನೇದು ಸ್ವಲ್ಪ ಅಲ್ಲಾಡ್ತಿತ್ತು. ಅಮ್ಮ ಹೇಳ್ತಿದ್ರು, ಕೊಡ ಹಿಡ್ಕೊಂಡು ಅದರ ಮೇಲೆ ಕಾಲಿಡಬೇಡ ಅಂತ.”

ಪೆನ್ಸಿಲ್ ತೆಗೆದು ಅವರ ಪ್ರತಿಯಲ್ಲಿ ತಿದ್ದಿದೆ. “ಮುಂದೆ ಓದು” ಅಂದರು.